ಮಲೇರಿಯಾ ಪರಾವಲಂಬಿಯ ಪ್ರೋಟೀನ್ ಕಮ್ಮಟ ಮತ್ತು ಪ್ರತಿಜೈವಿಕಗಳು

ಡಾಕ್ಸಿಸೈಕ್ಲಿನ್ ಎಂದರೆ ಔಷಧದಂಗಡಿಯವರಿಗೆ ಬಲು ಪರಿಚಿತ ಸರಕು. ಮೊಡವೆಗೆ ಕೊಡುತ್ತಾರೆ, ಮಳೆಗಾಲದಲ್ಲಿ ಕರಾವಳಿಯ ಇಲಿಜ್ವರಕ್ಕೆ ಕೊಡುತ್ತಾರೆ, ಸ್ಕ್ರಬ್ ಟೈಫಸ್‌ಗೂ ಕೊಡುತ್ತಾರೆ. ಇವೆಲ್ಲದರ ಹಿಂದೆ ಬ್ಯಾಕ್ಟೀರಿಯಾಗಳ ಕೈವಾಡವಿರುವುದರಿಂದ ಆ್ಯಂಟಿಬಯೋಟಿಕ್, ಅಂದರೆ ಪ್ರತಿಜೈವಿಕ, ಗುಳಿಗೆಗೆ ಅಲ್ಲಿ ಕೆಲಸವಿದೆ. ಆದರೆ ಅದೇ ಗುಳಿಗೆ ಕ್ವಿನೈನ್ ಜೊತೆಗೂಡಿ ಮಲೇರಿಯಾ ರೋಗಿಯ ಚೀಟಿಯಲ್ಲೂ ಕಾಣಿಸಿಕೊಳ್ಳುತ್ತದೆ. ಮಲೇರಿಯಾ ತರುವುದು ಬ್ಯಾಕ್ಟೀರಿಯಾ ಅಲ್ಲ, ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. ಅದಕ್ಕೆ ಕೋಶಕೇಂದ್ರವಿದೆ, ಮೈಟೋಕಾಂಡ್ರಿಯವಿದೆ; ಜೀವಿಗಳ ವಂಶವೃಕ್ಷದಲ್ಲಿ ಅದು ಬ್ಯಾಕ್ಟೀರಿಯಾಗಳಿಗಿಂತ ಮನುಷ್ಯನಿಗೇ ಹತ್ತಿರದ ನಂಟು. ಹಾಗಿದ್ದ ಮೇಲೆ ಬ್ಯಾಕ್ಟೀರಿಯಾದ ಮದ್ದು ಅದಕ್ಕೇಕೆ ತಗಲಬೇಕು?

ಏಟು ಬೀಳುವುದು ಪರಾವಲಂಬಿಯ ಮೈಮೇಲಲ್ಲ, ಅದರ ಹೊಟ್ಟೆಯೊಳಗೆ ಕೋಟ್ಯಂತರ ವರ್ಷಗಳಿಂದ ಬಿಡಾರ ಹೂಡಿರುವ ಒಂದು ಹಳೆಯ ಒಕ್ಕಲಿನ ಮೇಲೆ. ಎಪಿಕೋಪ್ಲಾಸ್ಟ್ ಎಂಬ ಆ ಒಕ್ಕಲು ಮೂಲದಲ್ಲಿ ಬ್ಯಾಕ್ಟೀರಿಯಾ ಕುಲದ್ದು. ಅದು ಇಂದಿಗೂ ತನ್ನ ಪ್ರೋಟೀನುಗಳನ್ನು ಬ್ಯಾಕ್ಟೀರಿಯಾ ಮಾದರಿಯ ಯಂತ್ರದಲ್ಲೇ ತಯಾರಿಸಿಕೊಳ್ಳುತ್ತದೆ. ಟೆಟ್ರಾಸೈಕ್ಲಿನ್ ಗುಂಪಿನ ಮದ್ದುಗಳು, ಕ್ಲಿಂಡಮೈಸಿನ್, ಅಜಿತ್ರೋಮೈಸಿನ್ ಇವೆಲ್ಲ ಹುಡುಕಿಕೊಂಡು ಹೋಗುವುದು ಆ ಯಂತ್ರವನ್ನೇ.

ಮಲೇರಿಯಾದ ಹರವು ಇನ್ನೂ ದೊಡ್ಡದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2023ರಲ್ಲಿ ಜಗತ್ತಿನಲ್ಲಿ ಸುಮಾರು 26.3 ಕೋಟಿ ಪ್ರಕರಣಗಳು, 5.97 ಲಕ್ಷ ಸಾವುಗಳು ಸಂಭವಿಸಿದವು. ಸತ್ತವರಲ್ಲಿ ಬಹುಪಾಲು ಆಫ್ರಿಕಾದ ಎಳೆಯ ಮಕ್ಕಳು. ಕರ್ನಾಟಕದಲ್ಲಿ ಚಳಿಜ್ವರದ ಮಾತು ಬಂದರೆ ಹಿಂದೆ ಮಲೆನಾಡು ನೆನಪಾಗುತ್ತಿತ್ತು. ಈಚಿನ ದಶಕಗಳಲ್ಲಿ ಕಟ್ಟಡ ಕಾಮಗಾರಿಗಳ ನಿಂತ ನೀರಿನಿಂದಾಗಿ ಮಂಗಳೂರು ನಗರ ಬಹುಕಾಲ ಮಲೇರಿಯಾ ಪ್ರಕರಣಗಳ ಪಟ್ಟಿಯ ಮೇಲ್ತುದಿಯಲ್ಲಿತ್ತು. ಅಲ್ಲಿ ಹೆಚ್ಚಾಗಿ ಕಂಡದ್ದು ಪ್ಲಾಸ್ಮೋಡಿಯಂ ವೈವಾಕ್ಸ್. ಪ್ರಾಣಕ್ಕೆ ಹೆಚ್ಚು ಅಪಾಯಕಾರಿಯಾದದ್ದು ಪ್ಲಾಸ್ಮೋಡಿಯಂ ಫಾಲ್ಸಿಪ್ಯಾರಂ. ಈ ಲೇಖನದಲ್ಲಿ ಹೇಳುವ ಪ್ರಯೋಗಗಳ ಬಹುಪಾಲು ಫಾಲ್ಸಿಪ್ಯಾರಂ ಮೇಲೆ ನಡೆದಂಥವು. ಅದಕ್ಕೆ ಕಾರಣವೂ ಸರಳ: ವಿಲಿಯಂ ಟ್ರೇಗರ್ ಮತ್ತು ಜೇಮ್ಸ್ ಜೆನ್ಸನ್ 1976ರಲ್ಲಿ ಅದನ್ನು ಮನುಷ್ಯರ ರಕ್ತಕಣಗಳಲ್ಲಿ ಪ್ರಯೋಗಾಲಯದೊಳಗೇ ಸತತವಾಗಿ ಸಾಕುವ ವಿಧಾನ ಕಂಡುಹಿಡಿದರು. ವೈವಾಕ್ಸ್ ಹಾಗೆ ಸಾಕಣೆಗೆ ಬಗ್ಗಿಲ್ಲ.

ಪ್ರೋಟೀನ್ ತಯಾರಿಕೆಯ ಕ್ರಮ ಎಲ್ಲ ಜೀವಿಗಳಲ್ಲೂ ಮೂಲತಃ ಒಂದೇ. ಡಿಎನ್‌ಎಯಲ್ಲಿರುವ ಬರಹದ ಒಂದು ನಕಲು ಸಂದೇಶವಾಹಕ ಆರ್‌ಎನ್‌ಎಯಾಗಿ ಹೊರಬೀಳುತ್ತದೆ. ರೈಬೋಸೋಮ್ ಎಂಬ ಯಂತ್ರ ಅದನ್ನು ಮೂರು ಮೂರು ಅಕ್ಷರಗಳಂತೆ ಓದುತ್ತ ಹೋಗುತ್ತದೆ. ವರ್ಗಾವಣೆ ಆರ್‌ಎನ್‌ಎಗಳು ತಲಾ ಒಂದು ಅಮೈನೋ ಆಮ್ಲವನ್ನು ಹೊತ್ತು ಸರದಿಯಂತೆ ಬಂದು ನಿಲ್ಲುತ್ತವೆ. ಯಾವ ಹಮಾಲನ ಬೆನ್ನಿಗೆ ಯಾವ ಮೂಟೆ ಎಂದು ನೋಡಿ ಏರಿಸುವುದಕ್ಕೆ ಬೇರೆ ಕಿಣ್ವಗಳಿವೆ. ರೈಬೋಸೋಮ್ ಆ ಮೂಟೆಗಳನ್ನು ಒಂದಕ್ಕೊಂದು ಪೋಣಿಸಿ ಸರ ಮಾಡುತ್ತದೆ. ಸರ ಬೆಳೆದಂತೆ ಯಂತ್ರದೊಳಗಿನ ಒಂದು ಕಿರಿದಾದ ಸುರಂಗದ ಮೂಲಕ ಹೊರಕ್ಕೆ ಜಾರುತ್ತದೆ. ಟಂಕಸಾಲೆಯಲ್ಲಿ ನಾಣ್ಯ ಅಚ್ಚಾದ ಹಾಗೆ ಈ ಕಮ್ಮಟದಲ್ಲಿ ಕ್ಷಣಕ್ಷಣವೂ ಪ್ರೋಟೀನ್ ಅಚ್ಚಾಗುತ್ತಿರುತ್ತದೆ.

ಕಮ್ಮಟದ ರೂಪ ಮಾತ್ರ ಎರಡು ಬಗೆ. ಬ್ಯಾಕ್ಟೀರಿಯಾಗಳದು ಸ್ವಲ್ಪ ಚಿಕ್ಕದು, 70ಎಸ್ ಎಂದು ಹೆಸರು. ಅದರ ಎರಡು ತುಂಡುಗಳು 30ಎಸ್ ಮತ್ತು 50ಎಸ್. (ಮೂವತ್ತು ಐವತ್ತು ಸೇರಿ ಎಂಬತ್ತಾಗಬೇಕಲ್ಲ ಎಂದು ಕೇಳುವವರಿಗೆ: ಇದು ತೂಕದ ಲೆಕ್ಕವಲ್ಲ, ದ್ರವದಲ್ಲಿ ವೇಗವಾಗಿ ತಿರುಗಿಸಿದಾಗ ತಳಕ್ಕಿಳಿಯುವ ವೇಗದ ಲೆಕ್ಕ.) ಕೋಶಕೇಂದ್ರವುಳ್ಳ ಜೀವಿಗಳದು 80ಎಸ್, 40 ಮತ್ತು 60ರ ತುಂಡುಗಳದು. ಈ ಎರಡರ ನಡುವಿನ ಸಣ್ಣಪುಟ್ಟ ವ್ಯತ್ಯಾಸಗಳ ಮೇಲೆಯೇ ಪ್ರತಿಜೈವಿಕಗಳ ಒಂದು ದೊಡ್ಡ ವರ್ಗ ನಿಂತಿದೆ. ಅವು 70ಎಸ್ ಯಂತ್ರಕ್ಕೆ ಕಲ್ಲು ಸಿಕ್ಕಿಸುತ್ತವೆ, 80ಎಸ್ ಅನ್ನು ಬಹುಮಟ್ಟಿಗೆ ಅದರ ಪಾಡಿಗೆ ಬಿಡುತ್ತವೆ.

ಮಲೇರಿಯಾ ಪರಾವಲಂಬಿಯ ಒಳಗೆ ಇಂಥ ಕಮ್ಮಟಗಳು ಒಂದಲ್ಲ, ಮೂರು. ಮೊದಲನೆಯದು ಕೋಶದ್ರವದಲ್ಲಿರುವ 80ಎಸ್. ಪರಾವಲಂಬಿಯ ಕೋಶಕೇಂದ್ರದಲ್ಲಿ 14 ವರ್ಣತಂತುಗಳು, ಅವುಗಳಲ್ಲಿ ಐದು ಸಾವಿರಕ್ಕೂ ಹೆಚ್ಚು ಜೀನುಗಳು ಇವೆ ಎಂಬುದು 2002ರಲ್ಲಿ ಪ್ರಕಟವಾದ ಪೂರ್ಣ ಜೀನೋಮ್‌ನಿಂದ ತಿಳಿಯಿತು. ಆ ಜೀನುಗಳ ಪ್ರೋಟೀನುಗಳೆಲ್ಲ ತಯಾರಾಗುವುದು ಈ ದೊಡ್ಡ ಕಮ್ಮಟದಲ್ಲಿ. ಎರಡನೆಯದು ಮೈಟೋಕಾಂಡ್ರಿಯದೊಳಗಿನದು. ಆ ಕಣದಂಗದ ಡಿಎನ್‌ಎ ಬರೀ ಆರು ಸಾವಿರ ಅಕ್ಷರಗಳದ್ದು. ಅದರಲ್ಲಿ ಪ್ರೋಟೀನಿನ ಜೀನುಗಳು ಮೂರೇ ಮೂರು, ರೈಬೋಸೋಮಿನ ಆರ್‌ಎನ್‌ಎ ಜೀನುಗಳು ಒಡೆದ ಮಡಕೆಯ ಚೂರುಗಳಂತೆ ಅಲ್ಲಲ್ಲಿ ಚದುರಿಕೊಂಡಿವೆ. ವರ್ಗಾವಣೆ ಆರ್‌ಎನ್‌ಎಯ ಜೀನಂತೂ ಒಂದೂ ಇಲ್ಲ, ಎಲ್ಲ ಹೊರಗಿನಿಂದ ಎರವಲು. ಮೂರನೆಯದು ಎಪಿಕೋಪ್ಲಾಸ್ಟಿನದು, ಈ ಲೇಖನದ ಮುಖ್ಯ ವಸ್ತು.

ಮೊದಲ ಕಮ್ಮಟದಲ್ಲೂ ಒಂದು ವಿಚಿತ್ರವಿದೆ. ಸಾಮಾನ್ಯವಾಗಿ ಒಂದು ಜೀವಿ ತನ್ನ ರೈಬೋಸೋಮುಗಳನ್ನು ಒಂದೇ ಅಚ್ಚಿನಲ್ಲಿ ನೂರಾರು ಪ್ರತಿ ಮಾಡಿಕೊಳ್ಳುತ್ತದೆ. ಪ್ಲಾಸ್ಮೋಡಿಯಂ ಮಾತ್ರ ರಕ್ತದಲ್ಲಿರುವಾಗ ಒಂದು ಬಗೆ, ಸೊಳ್ಳೆಯೊಳಗಿರುವಾಗ ಇನ್ನೊಂದು ಬಗೆ ರೈಬೋಸೋಮ್ ಬಳಸುತ್ತದೆಂದು 1987ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಬೆಚ್ಚಗಿನ ಮೈಗೊಂದು ಅಂಗಿ, ತಂಪು ಮೈಗೊಂದು ಅಂಗಿ ಎಂಬಂಥ ಏರ್ಪಾಡು.

ಎಪಿಕೋಪ್ಲಾಸ್ಟ್ ಪತ್ತೆಯಾದದ್ದು ಒಂದು ತಪ್ಪು ಗುರುತಿನಿಂದ. ಪರಾವಲಂಬಿಯ ಡಿಎನ್‌ಎಯಲ್ಲಿ ಸುಮಾರು 35 ಸಾವಿರ ಅಕ್ಷರಗಳ ಒಂದು ಉಂಗುರ 1970ರ ದಶಕದಲ್ಲೇ ಸೂಕ್ಷ್ಮದರ್ಶಕದಡಿ ಕಂಡಿತ್ತು. ಉಂಗುರದಾಕಾರದ್ದು ಅಂದ ಮೇಲೆ ಮೈಟೋಕಾಂಡ್ರಿಯದ್ದೇ ಇರಬೇಕು ಎಂದು ಬಹುಕಾಲ ನಂಬಲಾಗಿತ್ತು. ಲಂಡನ್ನಿನ ಮಿಲ್ ಹಿಲ್‌ನಲ್ಲಿದ್ದ ರಾಷ್ಟ್ರೀಯ ವೈದ್ಯಕೀಯ ಸಂಶೋಧನಾ ಸಂಸ್ಥೆಯ ಇಯಾನ್ ವಿಲ್ಸನ್ ಮತ್ತು ಸಂಗಡಿಗರು ಅದನ್ನು ಅಕ್ಷರಕ್ಷರ ಓದತೊಡಗಿದಾಗ ಲೆಕ್ಕ ತಾಳೆಯಾಗಲಿಲ್ಲ. ಅಲ್ಲಿ ಸಿಕ್ಕ ಜೀನುಗಳು ಗಿಡಗಳ ಮತ್ತು ಪಾಚಿಗಳ ಕ್ಲೋರೋಪ್ಲಾಸ್ಟಿನಲ್ಲಿ ಇರುವಂಥವು. 1996ರಲ್ಲಿ ಅವರು ಪೂರ್ಣ ನಕ್ಷೆ ಪ್ರಕಟಿಸಿದರು. ಆಸ್ಟ್ರೇಲಿಯಾದ ಜೆಫ್ರಿ ಮೆಕ್‌ಫಾಡೆನ್ ಮತ್ತು ಅಮೆರಿಕದ ಡೇವಿಡ್ ರೂಸ್ ಅವರ ತಂಡಗಳು 1996-97ರಲ್ಲಿ ಈ ಡಿಎನ್‌ಎ ವಾಸಿಸುವ ಪ್ರತ್ಯೇಕ ಕೋಣೆಯನ್ನೇ ತೋರಿಸಿಕೊಟ್ಟವು. ಬಿಸಿಲನ್ನೇ ಕಾಣದ, ರಕ್ತದ ಕತ್ತಲಲ್ಲಿ ಬದುಕುವ ಜೀವಿಯೊಳಗೆ ಕ್ಲೋರೋಪ್ಲಾಸ್ಟಿನ ಪಳೆಯುಳಿಕೆ!

ಅದು ಅಲ್ಲಿಗೆ ಬಂದ ಬಗೆ ಹೀಗೆ. ಬಹಳ ಹಿಂದೆ ಒಂದು ಸಯನೋಬ್ಯಾಕ್ಟೀರಿಯಾವನ್ನು ಇನ್ನೊಂದು ಕೋಶ ನುಂಗಿತು. ನುಂಗಿದ್ದು ಅರಗಲಿಲ್ಲ, ಒಳಗೇ ಉಳಿದು ಸೂರ್ಯನ ಬೆಳಕಿನಲ್ಲಿ ಅಡುಗೆ ಮಾಡುವ ಕ್ಲೋರೋಪ್ಲಾಸ್ಟ್ ಆಯಿತು. ಹಾಗೆ ಹುಟ್ಟಿದ ಪಾಚಿಗಳಲ್ಲಿ ಕೆಂಪು ಪಾಚಿಯೊಂದನ್ನು ಮುಂದೆ ಪ್ಲಾಸ್ಮೋಡಿಯಂನ ಪೂರ್ವಜ ನುಂಗಿತು. ನುಂಗಿದ್ದರೊಳಗೆ ನುಂಗಿದ್ದು. ಆದ್ದರಿಂದಲೇ ಎಪಿಕೋಪ್ಲಾಸ್ಟಿನ ಸುತ್ತ ನಾಲ್ಕು ಪೊರೆಗಳಿವೆ. ಪರಾವಲಂಬಿ ಜೀವನಕ್ಕೆ ಇಳಿದ ಮೇಲೆ ದ್ಯುತಿಸಂಶ್ಲೇಷಣೆಯ ಉಪಕರಣಗಳೆಲ್ಲ ಉದುರಿಹೋದವು, ಕೋಣೆ ಮಾತ್ರ ಉಳಿಯಿತು. ಸಿಡ್ನಿ ಬಂದರಿನ ಹವಳದಲ್ಲಿ ಸಿಕ್ಕ, 2008ರಲ್ಲಿ ವರ್ಣಿಸಲಾದ ಕ್ರೋಮೆರಾ ವೆಲಿಯಾ ಎಂಬ ಪಾಚಿ ಈ ಕಥೆಗೆ ಜೀವಂತ ಸಾಕ್ಷಿ. ಅದು ಮಲೇರಿಯಾ ಪರಾವಲಂಬಿಯ ದೂರದ ದಾಯಾದಿ, ಆದರೂ ಇಂದಿಗೂ ಬಿಸಿಲಿನಿಂದಲೇ ಬದುಕುತ್ತದೆ.

ಎಪಿಕೋಪ್ಲಾಸ್ಟಿನ ಸ್ವಂತ ಜೀನುಗಳ ಪಟ್ಟಿ ನೋಡಿದರೆ ನಗು ಬರುತ್ತದೆ. ಪ್ರೋಟೀನಿನ ಜೀನುಗಳು ಸುಮಾರು ಮೂವತ್ತು. ಅವುಗಳಲ್ಲಿ ಹೆಚ್ಚಿನವು ರೈಬೋಸೋಮಿನ ಬಿಡಿಭಾಗಗಳು, ಆರ್‌ಎನ್‌ಎ ನಕಲು ತೆಗೆಯುವ ಕಿಣ್ವದ ತುಂಡುಗಳು, ರೈಬೋಸೋಮಿಗೆ ನೆರವಾಗುವ ಇಎಫ್-ಟಿಯು ಎಂಬ ಪ್ರೋಟೀನು. ಎಂದರೆ ಕಮ್ಮಟ ಹಗಲಿರುಳು ದುಡಿದು ಮಾಡಿಕೊಳ್ಳುವುದು ಬಹುಪಾಲು ತನ್ನದೇ ರಿಪೇರಿಯ ಸಾಮಾನು. ಹೊರಗೆ ಉಪಯೋಗಕ್ಕೆ ಬರುವಂಥದ್ದು ಒಂದೆರಡೇ: ಕಬ್ಬಿಣ ಮತ್ತು ಗಂಧಕದ ಗೊಂಚಲು ಕಟ್ಟುವ ಸಫ್‌ಬಿ ಮತ್ತು ಪ್ರೋಟೀನುಗಳ ನಿರ್ವಹಣೆಗೆ ಬೇಕಾದ ಕ್ಲಿಪ್‌ಸಿ. ಉಳಿದ ನೂರಾರು ಪ್ರೋಟೀನುಗಳು ಕೋಶಕೇಂದ್ರದ ಆದೇಶದಂತೆ ಹೊರಗಿನ 80ಎಸ್ ಕಮ್ಮಟದಲ್ಲಿ ತಯಾರಾಗಿ, ನಾಲ್ಕು ಪೊರೆ ದಾಟಿ ಒಳಗೆ ಬರುತ್ತವೆ. ಆದರೂ ಆ ಒಂದೆರಡು ವಸ್ತುಗಳಿಲ್ಲದೆ ಕೋಣೆ ನಡೆಯದು.

ಕೋಣೆ ನಡೆಯದಿದ್ದರೆ ಪರಾವಲಂಬಿಗೇನು ನಷ್ಟ? ಈ ಪ್ರಶ್ನೆಗೆ ಉತ್ತರ ಹುಡುಕಿದವರಲ್ಲಿ ಬೆಂಗಳೂರಿನವರೂ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನಮಿತಾ ಸುರೋಲಿಯಾ ಮತ್ತು ಜಿ. ಪದ್ಮನಾಭನ್ 1992ರಲ್ಲಿ ಪರಾವಲಂಬಿ ತನಗೆ ಬೇಕಾದ ಹೀಮ್ ಎಂಬ ಕಬ್ಬಿಣದ ಸಂಯುಕ್ತವನ್ನು ತಾನೇ ತಯಾರಿಸಿಕೊಳ್ಳಬಲ್ಲದೆಂದು ತೋರಿಸಿದರು. ಆ ದಾರಿಯ ಕೆಲವು ಹಂತಗಳು ನಡೆಯುವುದು ಎಪಿಕೋಪ್ಲಾಸ್ಟಿನಲ್ಲಿ ಎಂದು ಮುಂದೆ ತಿಳಿಯಿತು. 2001ರಲ್ಲಿ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ನಮಿತಾ ಸುರೋಲಿಯಾ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಅವಧೇಶ ಸುರೋಲಿಯಾ, ಸಾಬೂನು ಮತ್ತು ಟೂತ್‌ಪೇಸ್ಟ್‌ಗಳಲ್ಲಿ ಬಳಸುತ್ತಿದ್ದ ಟ್ರೈಕ್ಲೋಸಾನ್ ಮಲೇರಿಯಾ ಪರಾವಲಂಬಿಯ ಕೊಬ್ಬಿನಾಮ್ಲ ತಯಾರಿಕೆಯನ್ನು ತಡೆಯುತ್ತದೆಂದು ವರದಿ ಮಾಡಿದಾಗ ಅದು ದೊಡ್ಡ ಸುದ್ದಿಯಾಯಿತು. ಮುಂದೆ ಆ ಜೀನುಗಳನ್ನೇ ಕಿತ್ತುಹಾಕಿ ನೋಡಿದ ಪ್ರಯೋಗಗಳು ಬೇರೆ ಚಿತ್ರ ಕೊಟ್ಟವು: ಎಪಿಕೋಪ್ಲಾಸ್ಟಿನ ಕೊಬ್ಬಿನಾಮ್ಲ, ಸೊಳ್ಳೆ ಕಚ್ಚಿದ ಮೇಲೆ ಪರಾವಲಂಬಿ ಮೊದಲು ಬೆಳೆಯುವ ಯಕೃತ್ತಿನ ಹಂತಕ್ಕೆ ಬೇಕು, ಅನಂತರದ ರಕ್ತದ ಹಂತಕ್ಕೆ ಅಷ್ಟಾಗಿ ಬೇಡ. ಹೀಮ್ ದಾರಿಯ ಕಥೆಯೂ ಹೆಚ್ಚುಕಡಿಮೆ ಅದೇ ಎಂದು 2013ರಲ್ಲಿ ಪದ್ಮನಾಭನ್ ಅವರ ಗುಂಪೇ ಬರೆಯಿತು. ತಮ್ಮದೇ ಹಳೆಯ ನಂಬಿಕೆಯನ್ನು ತಾವೇ ತಿದ್ದಿಕೊಳ್ಳುವ ಈ ಗುಣ ವಿಜ್ಞಾನದಲ್ಲಿ ಇರಬೇಕಾದದ್ದು, ಎಲ್ಲೆಡೆ ಕಾಣುವಂಥದ್ದಲ್ಲ.

ನಿರ್ಣಾಯಕ ಉತ್ತರ ಬಂದದ್ದು ಅದಕ್ಕೂ ಮೊದಲೇ, 2011ರಲ್ಲಿ, ಕ್ಯಾಲಿಫೋರ್ನಿಯಾದ ಎಲೆನ್ ಯೇ ಮತ್ತು ಜೋಸೆಫ್ ಡಿರೀಸಿ ಅವರಿಂದ. ಅವರು ಪರಾವಲಂಬಿಗಳಿಗೆ ಪ್ರತಿಜೈವಿಕ ಕೊಟ್ಟು ಎಪಿಕೋಪ್ಲಾಸ್ಟನ್ನು ಹಾಳುಗೆಡವಿದರು. ಜೊತೆಗೆ ಸಾಕಣೆಯ ದ್ರವಕ್ಕೆ ಐಸೊಪೆಂಟೆನೈಲ್ ಪೈರೋಫಾಸ್ಫೇಟ್, ಚಿಕ್ಕದಾಗಿ ಐಪಿಪಿ, ಎಂಬ ಒಂದೇ ಒಂದು ರಾಸಾಯನಿಕ ಬೆರೆಸಿದರು. ಪರಾವಲಂಬಿಗಳು ಸಾಯಲಿಲ್ಲ. ಎಪಿಕೋಪ್ಲಾಸ್ಟ್ ಪೂರ್ತಿ ಕಳೆದುಕೊಂಡ ಮೇಲೂ ಐಪಿಪಿ ಇರುವಷ್ಟು ಕಾಲ ಪೀಳಿಗೆಯ ಮೇಲೆ ಪೀಳಿಗೆ ಬೆಳೆದವು. ಅಲ್ಲಿಗೆ, ರಕ್ತದ ಹಂತದಲ್ಲಿ ಆ ಇಡೀ ಸಂಸಾರದಿಂದ ಪರಾವಲಂಬಿಗೆ ಬೇಕಾದದ್ದು ಇದೊಂದೇ ವಸ್ತು ಎಂದಾಯಿತು. ಐಪಿಪಿ ತಯಾರಿಸುವ ಕಿಣ್ವಗಳಿಗೆ ಕಬ್ಬಿಣ-ಗಂಧಕದ ಗೊಂಚಲು ಬೇಕು. ಗೊಂಚಲು ಕಟ್ಟಲು ಸಫ್‌ಬಿ ಬೇಕು. ಸಫ್‌ಬಿಗೆ ಕಮ್ಮಟ ಬೇಕು. ಸರಪಳಿಯ ಆ ಕೊನೆಯ ಕೊಂಡಿಯನ್ನೇ ಪ್ರತಿಜೈವಿಕ ಹಿಡಿದೆಳೆಯುವುದು. ಔಷಧ ಸಂಶೋಧಕರಿಗೆ ಈ ಪ್ರಯೋಗ ಒಂದು ಒರೆಗಲ್ಲನ್ನೂ ಕೊಟ್ಟಿತು: ಯಾವುದೇ ಹೊಸ ಮದ್ದಿನ ಪೆಟ್ಟಿನಿಂದ ಐಪಿಪಿ ಪರಾವಲಂಬಿಯನ್ನು ಉಳಿಸಿದರೆ ಆ ಮದ್ದಿನ ಗುರಿ ಎಪಿಕೋಪ್ಲಾಸ್ಟ್, ಉಳಿಸದಿದ್ದರೆ ಗುರಿ ಬೇರೆಲ್ಲೋ ಇದೆ.

ಈ ಮದ್ದುಗಳ ಮೂಲವೆಲ್ಲ ಹೆಚ್ಚುಕಡಿಮೆ ಮಣ್ಣು. ಟೆಟ್ರಾಸೈಕ್ಲಿನ್ ಕುಲದ ಮೊದಲ ಮದ್ದಾದ ಆರಿಯೋಮೈಸಿನ್ ಅಮೆರಿಕದ ಮಿಸೌರಿಯ ಹೊಲವೊಂದರ ಮಣ್ಣಿನ ಸ್ಟ್ರೆಪ್ಟೋಮೈಸಿಸ್‌ನಿಂದ ಬಂತು. ಅದನ್ನು ಗುರುತಿಸಿದವರು ಲೆಡರ್ಲಿ ಪ್ರಯೋಗಾಲಯದ ಬೆಂಜಮಿನ್ ಡಗ್ಗರ್. ಆಗ ಅಲ್ಲಿನ ಸಂಶೋಧನೆಯ ನಿರ್ದೇಶಕರಾಗಿದ್ದವರು ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. 1948ರಲ್ಲಿ ಅದು ಬಳಕೆಗೆ ಬಂತು, ಅದೇ ವರ್ಷ ಸುಬ್ಬರಾವ್ ತೀರಿಕೊಂಡರು. ಅದು ಮಲೇರಿಯಾದ ಮೇಲೂ ಅಷ್ಟಿಷ್ಟು ಕೆಲಸ ಮಾಡುತ್ತದೆ, ಆದರೆ ಬಹಳ ನಿಧಾನ ಎಂಬುದು ಅನಂತರದ ಕೆಲವೇ ವರ್ಷಗಳಲ್ಲಿ ಕಂಡಿತ್ತು. ಕ್ಲೋರೋಕ್ವಿನ್ ಎಂಬ ಮಲೇರಿಯಾ ಮದ್ದು ಭರಾಟೆಯಲ್ಲಿದ್ದ ಕಾಲವದು. ಮಂದಗತಿಯ ಮದ್ದು ಯಾರಿಗೂ ಬೇಕಿರಲಿಲ್ಲ. ಕ್ಲೋರೋಕ್ವಿನ್ನಿಗೆ ಬಗ್ಗದ ತಳಿಗಳು ಆಗ್ನೇಯ ಏಷ್ಯಾದಲ್ಲಿ ತಲೆಯೆತ್ತಿದ ಮೇಲೆ, 1970ರ ದಶಕದಲ್ಲಿ, ಥಾಯ್ಲೆಂಡಿನ ವೈದ್ಯರು ಕ್ವಿನೈನ್ ಜೊತೆ ಟೆಟ್ರಾಸೈಕ್ಲಿನ್ ಬೆರೆಸಿ ಕೊಡತೊಡಗಿದರು.

ಟೆಟ್ರಾಸೈಕ್ಲಿನ್ ಗುಂಪು ಕೂರುವುದು ಚಿಕ್ಕ ತುಂಡಾದ 30ಎಸ್ ಮೇಲೆ, ಮೂಟೆ ಹೊತ್ತ ವರ್ಗಾವಣೆ ಆರ್‌ಎನ್‌ಎ ಬಂದು ನಿಲ್ಲಬೇಕಾದ ಜಾಗದಲ್ಲಿ. ಜಾಗ ಖಾಲಿಯಿಲ್ಲವೆಂದು ಹಮಾಲ ಹಿಂದಿರುಗಬೇಕಾಗುತ್ತದೆ. ಬ್ಯಾಕ್ಟೀರಿಯಾದ 30ಎಸ್ ಮೇಲೆ ಟೆಟ್ರಾಸೈಕ್ಲಿನ್ ಎಲ್ಲಿ ಕೂತಿದೆ ಎಂಬುದನ್ನು ಪರಮಾಣು ಮಟ್ಟದಲ್ಲಿ ತೋರಿಸಿದ 2000ದ ಚಿತ್ರಗಳಲ್ಲೊಂದು ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಅವರ ಪ್ರಯೋಗಾಲಯದ್ದು. 2009ರ ರಸಾಯನಶಾಸ್ತ್ರ ನೊಬೆಲ್‌ನಲ್ಲಿ ಅವರೂ ಪಾಲುದಾರರಾದರು.

ಕ್ಲಿಂಡಮೈಸಿನ್ ಮತ್ತು ಕ್ಲೋರಾಂಫೆನಿಕಾಲ್ ದೊಡ್ಡ ತುಂಡಿನೊಳಗೆ, ಅಮೈನೋ ಆಮ್ಲಗಳನ್ನು ಪೋಣಿಸುವ ಗಂಟಿನ ಬಳಿಯೇ ಸಿಕ್ಕಿಕೊಳ್ಳುತ್ತವೆ. ಎರಿಥ್ರೋಮೈಸಿನ್, ಅಜಿತ್ರೋಮೈಸಿನ್ ಅದಕ್ಕಿಂತ ಸ್ವಲ್ಪ ಕೆಳಗೆ, ಹೊಸ ಸರ ಹೊರಬೀಳುವ ಸುರಂಗದ ಬಾಯಿಗೆ ಬೆಣೆ ಬಡಿಯುತ್ತವೆ. ಯಂತ್ರವನ್ನು ಒಂದು ಹೆಜ್ಜೆ ಮುಂದೆ ತಳ್ಳುವ ಇಎಫ್-ಜಿ ಎಂಬ ಪ್ರೋಟೀನನ್ನು ಫ್ಯೂಸಿಡಿಕ್ ಆಮ್ಲ ಹಿಡಿದು ನಿಲ್ಲಿಸುತ್ತದೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ಸಮನ್ ಹಬೀಬ್ ಮತ್ತು ಸಂಗಡಿಗರು ಎಪಿಕೋಪ್ಲಾಸ್ಟಿನ ಇಎಫ್-ಟಿಯು, ಇಎಫ್-ಜಿಗಳ ಕೆಲಸವನ್ನು ವರ್ಷಗಟ್ಟಲೆ ಬಿಡಿಸಿ ನೋಡಿದ್ದಾರೆ.

ಮ್ಯೂಪಿರೋಸಿನ್‌ನದು ಬೇರೆ ದಾರಿ. ಚರ್ಮದ ಹುಣ್ಣಿಗೆ ಹಚ್ಚುವ ಈ ಮುಲಾಮಿನ ಮದ್ದು ರೈಬೋಸೋಮಿನ ತಂಟೆಗೆ ಹೋಗದೆ, ಐಸೊಲ್ಯೂಸಿನ್ ಎಂಬ ಅಮೈನೋ ಆಮ್ಲದ ಮೂಟೆ ಏರಿಸುವ ಎಪಿಕೋಪ್ಲಾಸ್ಟಿನ ಕಿಣ್ವವನ್ನು ಕಟ್ಟಿಹಾಕುತ್ತದೆಂದು 2011ರಲ್ಲಿ ತಿಳಿಯಿತು. ಇಲ್ಲೊಂದು ಸ್ವಾರಸ್ಯ. ಪರಾವಲಂಬಿ ಬಹುತೇಕ ಅಮೈನೋ ಆಮ್ಲಗಳನ್ನು ನಮ್ಮ ಹಿಮೋಗ್ಲೋಬಿನ್ ತಿಂದು ಪಡೆಯುತ್ತದೆ. ವಯಸ್ಕರ ಹಿಮೋಗ್ಲೋಬಿನ್ನಿನಲ್ಲಿ ಇಲ್ಲವೇ ಇಲ್ಲದ್ದು ಐಸೊಲ್ಯೂಸಿನ್ ಒಂದೇ. ಅದನ್ನು ಹೊರಗಿನ ರಕ್ತದ್ರವದಿಂದಲೇ ಎಳೆದುಕೊಳ್ಳಬೇಕು.

ಹೀಗೆ ಬ್ಯಾಕ್ಟೀರಿಯಾದ ಕುಲಚಿಹ್ನೆ ಹುಡುಕಿ ಹೊಡೆಯುವ ಮದ್ದುಗಳಿಂದ ಮನುಷ್ಯನೂ ಪೂರ್ತಿ ಪಾರಲ್ಲ. ನಮ್ಮ ಮೈಟೋಕಾಂಡ್ರಿಯವೂ ಹಿಂದೊಮ್ಮೆ ನುಂಗಿಸಿಕೊಂಡ ಬ್ಯಾಕ್ಟೀರಿಯಾವೇ. ಕ್ಲೋರಾಂಫೆನಿಕಾಲ್ ಹೆಚ್ಚು ಪ್ರಮಾಣದಲ್ಲಿ ಮೂಳೆಮಜ್ಜೆಯನ್ನು ಕುಗ್ಗಿಸುವುದು ಅಲ್ಲಿನ ಮೈಟೋಕಾಂಡ್ರಿಯದ ಕಮ್ಮಟಕ್ಕೂ ಅದು ಅಡ್ಡ ಬರುವುದರಿಂದ. ಮಲೇರಿಯಾಕ್ಕೆ ಅದನ್ನು ಬಳಸದಿರಲು ಇದೂ ಒಂದು ಕಾರಣ.

ಈ ಚಿಕಿತ್ಸೆಯ ಅತಿ ವಿಚಿತ್ರ ಅಂಶವೆಂದರೆ ಸಾವು ತಡವಾಗಿ ಬರುವುದು. ಫಾಲ್ಸಿಪ್ಯಾರಂ ಕೆಂಪು ರಕ್ತಕಣದೊಳಗೆ ಹೊಕ್ಕು, 48 ಗಂಟೆಗಳಲ್ಲಿ ಒಂದು ಇಪ್ಪತ್ತರ ಆಸುಪಾಸಿನ ಮರಿಗಳಾಗಿ ಒಡೆದು, ಹೊಸ ಕಣಗಳಿಗೆ ನುಗ್ಗುತ್ತದೆ. ಡಾಕ್ಸಿಸೈಕ್ಲಿನ್ ಕೊಟ್ಟಾಗ ಮೊದಲ 48 ಗಂಟೆಗಳಲ್ಲಿ ಏನೂ ಆದಂತೆ ಕಾಣುವುದಿಲ್ಲ. ಪರಾವಲಂಬಿ ಉಣ್ಣುತ್ತದೆ, ಬೆಳೆಯುತ್ತದೆ, ಮರಿ ಹಾಕುತ್ತದೆ. ಮರಿಗಳು ಹೊಸ ರಕ್ತಕಣಗಳನ್ನೂ ಹೊಗುತ್ತವೆ. ಎರಡನೆಯ ಸುತ್ತಿನಲ್ಲಿ, ಎಲ್ಲವೂ ನೆಟ್ಟಗಿದೆ ಎನ್ನುವ ಹೊತ್ತಿಗೆ, ಅವು ಒಡೆಯಲಾರದೆ ಅಲ್ಲೇ ಸಾಯುತ್ತವೆ. ತಾಯಿ ನುಂಗಿದ ಮದ್ದಿಗೆ ಮಕ್ಕಳು ಬಲಿಯಾಗುತ್ತವೆ. ಮದ್ದನ್ನು ಮೊದಲ ಸುತ್ತಿನ ನಂತರ ತೊಳೆದು ತೆಗೆದರೂ ಮಕ್ಕಳ ಹಣೆಬರಹ ಬದಲಾಗದು. ಮದ್ದಿನ ಪ್ರಮಾಣ ಬಹಳ ಹೆಚ್ಚಿಸಿದರೆ ಮೊದಲ ಸುತ್ತಿನಲ್ಲೇ ಸಾವು ಬರುವುದುಂಟು; ಆದರೆ ಅದರ ಕಾರಣಗಳು ಬೇರೆ.

ಪ್ರತಿಜೈವಿಕಗಳ ಪರಿಣಾಮ ಕಾಲದ ಮೇಲೆ ಅವಲಂಬಿಸಿದೆ ಎಂಬುದನ್ನು 1985ರಲ್ಲಿ ಡಿವೊ, ಗಿಯರಿ ಮತ್ತು ಜೆನ್ಸನ್ ಫಾಲ್ಸಿಪ್ಯಾರಂ ಸಾಕಣೆಯಲ್ಲಿ ಗಮನಿಸಿದ್ದರು. ಆಗ ಗುಮಾನಿಯಿದ್ದದ್ದು ಮೈಟೋಕಾಂಡ್ರಿಯದ ಮೇಲೆ, ಎಪಿಕೋಪ್ಲಾಸ್ಟಿನ ಹೆಸರನ್ನೇ ಯಾರೂ ಕೇಳಿರಲಿಲ್ಲ. ಹತ್ತು ವರ್ಷಗಳ ನಂತರ ರೂಸ್ ತಂಡ ಇದೇ ವರ್ತನೆಯನ್ನು ಮಲೇರಿಯಾ ಪರಾವಲಂಬಿಯ ದಾಯಾದಿಯಾದ ಟಾಕ್ಸೊಪ್ಲಾಸ್ಮಾದಲ್ಲಿ ಕಂಡು ‘ತಡವಾದ ಸಾವು’ ಎಂದು ಹೆಸರಿಟ್ಟಿತು. ಫಾಲ್ಸಿಪ್ಯಾರಂನ ಮೊದಲ ಸುತ್ತಿನಲ್ಲಿ ಹಂಚಿಕೆಯಾಗುವ ಎಪಿಕೋಪ್ಲಾಸ್ಟ್ ಹೊರನೋಟಕ್ಕೆ ಸರಿಯಾಗಿಯೇ ಇದ್ದರೂ ಒಳಗೆ ಟೊಳ್ಳು ಎಂದು 2006ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ತೋರಿಸಿದರು. ಮೊದಲ ಪೀಳಿಗೆ ಉಗ್ರಾಣದಲ್ಲಿದ್ದ ಹಳೆಯ ದಾಸ್ತಾನಿನ ಮೇಲೆ ದಿನ ದೂಡುತ್ತದೆ. ಮಕ್ಕಳ ಪಾಲಿಗೆ ಬರುವುದು ಖಾಲಿ ಕಣಜ. ಐಪಿಪಿ ಸಿಗದಾಗ, ಪ್ರೋಟೀನುಗಳನ್ನು ಕೋಶದೊಳಗೆ ಸಾಗಿಸುವ ರ‍್ಯಾಬ್ ಎಂಬ ಸಾಗಾಟಗಾರ ಪ್ರೋಟೀನುಗಳಿಗೆ ಪೊರೆಗೆ ಅಂಟಿಕೊಳ್ಳಲು ಬೇಕಾದ ಕೊಬ್ಬಿನ ಕೊಕ್ಕೆ ಇಲ್ಲವಾಗುತ್ತದೆ. ಒಳಗಿನ ಸಾಗಾಟವೆಲ್ಲ ಕೆಟ್ಟು ಪರಾವಲಂಬಿ ಸಾಯುತ್ತದೆಂದು ಮೆಲ್ಬರ್ನ್ ತಂಡ 2019ರಲ್ಲಿ ವಿವರಿಸಿತು.

ಆಸ್ಪತ್ರೆಯಲ್ಲಿ ಈ ತಡ ಆಟವಲ್ಲ. ಫಾಲ್ಸಿಪ್ಯಾರಂ ಮೆದುಳಿಗೇರಲು ಎರಡು ದಿನ ಸಾಕು. ಆದ್ದರಿಂದ ಪ್ರತಿಜೈವಿಕವೊಂದನ್ನೇ ನಂಬಿ ಯಾರೂ ಮಲೇರಿಯಾ ರೋಗಿಗೆ ಚಿಕಿತ್ಸೆ ಕೊಡುವುದಿಲ್ಲ, ಕೊಡಲೂ ಕೂಡದು. ಕ್ವಿನೈನ್ ಅಥವಾ ಆರ್ಟಿಸುನೇಟ್ ಮೊದಲು ರಭಸದಿಂದ ಪರಾವಲಂಬಿಗಳ ಸಂಖ್ಯೆ ಇಳಿಸುತ್ತದೆ. ಅದರ ಕಣ್ತಪ್ಪಿಸಿ ಉಳಿದವನ್ನು ಡಾಕ್ಸಿಸೈಕ್ಲಿನ್ ಅಥವಾ ಕ್ಲಿಂಡಮೈಸಿನ್ ಹಿಂದಿನಿಂದ ಬಂದು ಮುಗಿಸುತ್ತದೆ. ಕ್ವಿನೈನ್ ಜೊತೆಗಿನ ಈ ಜೋಡಿ ಸಾಮಾನ್ಯವಾಗಿ ಏಳು ದಿನಗಳದು. ಆರ್ಟಿಮಿಸಿನಿನ್ ಸಂಯುಕ್ತ ಚಿಕಿತ್ಸೆ ಬಂದ ಮೇಲೆ ಅದು ಎರಡನೆಯ ಸಾಲಿಗೆ ಸರಿದಿದೆ. ಎಂಟು ವರ್ಷದೊಳಗಿನ ಮಕ್ಕಳಿಗೂ ಗರ್ಭಿಣಿಯರಿಗೂ ಡಾಕ್ಸಿಸೈಕ್ಲಿನ್ ಕೊಡುವುದಿಲ್ಲ. ಟೆಟ್ರಾಸೈಕ್ಲಿನ್ ಗುಂಪು ಬೆಳೆಯುವ ಹಲ್ಲು ಮೂಳೆಗಳ ಕ್ಯಾಲ್ಸಿಯಂಗೆ ಅಂಟಿ ಹಲ್ಲಿಗೆ ಹಳದಿ ಕಲೆ ತರುತ್ತದೆ. ಹಾಲು ಕುಡಿದು ಈ ಗುಳಿಗೆ ನುಂಗಬಾರದೆನ್ನುವುದಕ್ಕೂ ಅದೇ ಅಂಟುಗುಣ ಕಾರಣ. ಗರ್ಭಿಣಿಯರ ಮೊದಲ ಮೂರು ತಿಂಗಳಿಗೆ ಬಹುಕಾಲ ಕ್ವಿನೈನ್ ಮತ್ತು ಕ್ಲಿಂಡಮೈಸಿನ್ ಜೋಡಿಯೇ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಾಗಿತ್ತು. 2022ರಲ್ಲಿ ಆ ಜಾಗಕ್ಕೆ ಆರ್ಟಿಮೀಥರ್-ಲುಮೆಫ್ಯಾಂಟ್ರಿನ್ ಬಂತು.

ನಿಧಾನದ ಮದ್ದಿಗೆ ಹೇಳಿ ಮಾಡಿಸಿದ ಕೆಲಸವೆಂದರೆ ಮುಂಜಾಗ್ರತೆ. ಮಲೇರಿಯಾ ಹೆಚ್ಚಿರುವ ಸೀಮೆಗೆ ಆರು ವಾರದೊಳಗಿನ ಪ್ರವಾಸ ಹೋಗುವ ವಯಸ್ಕರಿಗೆ ದಿನಕ್ಕೆ 100 ಮಿಲಿಗ್ರಾಂ ಡಾಕ್ಸಿಸೈಕ್ಲಿನ್ ಎಂದು ಭಾರತದ ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಹೊರಡುವ ಎರಡು ದಿನ ಮೊದಲು ಆರಂಭಿಸಿ, ಮರಳಿದ ಮೇಲೂ ನಾಲ್ಕು ವಾರ ಬಿಡದೆ ನುಂಗಬೇಕು. ಊರಿಗೆ ಬಂದಾಯಿತಲ್ಲ ಎಂದು ಬಹಳ ಮಂದಿ ಗುಳಿಗೆ ನಿಲ್ಲಿಸುವುದು ಇಲ್ಲೇ. ಯಕೃತ್ತಿನಲ್ಲಿ ಅಡಗಿ ತಡವಾಗಿ ಹೊರಬರುವ ಪರಾವಲಂಬಿಗಳನ್ನು ರಕ್ತದಲ್ಲಿ ಕಾದುಕೊಂಡಿದ್ದು ಹಿಡಿಯಬೇಕಾದರೆ ಆ ನಾಲ್ಕು ವಾರ ಬೇಕು.

ಯಕೃತ್ತಿನ ಹಂತದಲ್ಲಿ ಮದ್ದು ಕೊಟ್ಟರೆ ಏನಾಗುತ್ತದೆ ಎಂಬ ಪ್ರಯೋಗ ಅನಿರೀಕ್ಷಿತ ದಾರಿ ತೋರಿಸಿತು. 2010ರಲ್ಲಿ ಜರ್ಮನಿಯ ಸಂಶೋಧಕರು ಇಲಿಗಳಿಗೆ ಜೀವಂತ ಪರಾವಲಂಬಿ ಚುಚ್ಚಿ, ಜೊತೆಗೇ ಅಜಿತ್ರೋಮೈಸಿನ್ ಅಥವಾ ಕ್ಲಿಂಡಮೈಸಿನ್ ಕೊಟ್ಟರು. ಪರಾವಲಂಬಿಗಳು ಯಕೃತ್ತಿನಲ್ಲಿ ಪೂರ್ತಿ ಬೆಳೆದು ಸಾವಿರಾರು ಮರಿಗಳಾದವು. ಆದರೆ ಎಪಿಕೋಪ್ಲಾಸ್ಟ್ ಇಲ್ಲದ ಆ ಮರಿಗಳು ರಕ್ತದಲ್ಲಿ ಬೇರೂರಲಿಲ್ಲ. ಇಲಿಗಳಿಗೆ ಜ್ವರ ಬರಲಿಲ್ಲ, ಲಸಿಕೆ ಹಾಕಿಸಿಕೊಂಡಂತೆ ರಕ್ಷಣೆ ಮಾತ್ರ ಬಂತು. ಮನುಷ್ಯರ ಮಟ್ಟಿಗೆ ಅಜಿತ್ರೋಮೈಸಿನ್ ಅಷ್ಟು ಭಾಗ್ಯ ತಂದಿಲ್ಲ. ಬುರ್ಕಿನಾ ಫಾಸೊ ಮತ್ತು ಮಾಲಿ ದೇಶಗಳಲ್ಲಿ ಮಳೆಗಾಲದ ಮಲೇರಿಯಾ ತಡೆಯುವ ಗುಳಿಗೆಗಳ ಜೊತೆ ಅದನ್ನೂ ಸೇರಿಸಿ ಮಕ್ಕಳಿಗೆ ಕೊಟ್ಟು ನೋಡಿದ ದೊಡ್ಡ ಅಧ್ಯಯನದ ಫಲಿತಾಂಶ 2019ರಲ್ಲಿ ಬಂತು: ಸಾವಾಗಲಿ ಆಸ್ಪತ್ರೆ ಸೇರುವುದಾಗಲಿ ಕಡಿಮೆಯಾಗಲಿಲ್ಲ. ಊರಿಗೆ ಊರೇ ಪ್ರತಿಜೈವಿಕ ನುಂಗಿದರೆ ಕರುಳಿನ ಬ್ಯಾಕ್ಟೀರಿಯಾಗಳು ಮದ್ದಿಗೆ ಒಗ್ಗಿಕೊಳ್ಳುವ ಭಯವೂ ಇದ್ದೇ ಇದೆ.

ಪರಾವಲಂಬಿಯೂ ಒಗ್ಗಿಕೊಳ್ಳಬಲ್ಲದು. ಪೆರುವಿನ ಅಮೆಜಾನ್ ಸೀಮೆಯ ಕೆಲವು ಫಾಲ್ಸಿಪ್ಯಾರಂ ಮಾದರಿಗಳಲ್ಲಿ ಎಪಿಕೋಪ್ಲಾಸ್ಟಿನ ದೊಡ್ಡ ರೈಬೋಸೋಮಲ್ ಆರ್‌ಎನ್‌ಎಯ ಒಂದೇ ಅಕ್ಷರ ಬದಲಾಗಿ ಕ್ಲಿಂಡಮೈಸಿನ್ ನಾಟದಂತಾದದ್ದು 2010ರಲ್ಲಿ ವರದಿಯಾಯಿತು. ಬ್ಯಾಕ್ಟೀರಿಯಾಗಳಲ್ಲಿ ಇದೇ ಮದ್ದಿಗೆ ನಿರೋಧ ತರುವ ಅಕ್ಷರವೂ ಅದೇ ಜಾಗದ್ದು. ಪ್ರಯೋಗಾಲಯದಲ್ಲಿ ಅಜಿತ್ರೋಮೈಸಿನ್ನಿಗೆ ಬಗ್ಗದೆ ಉಳಿದ ತಳಿಯಲ್ಲಿ ಸುರಂಗದ ಗೋಡೆಯ ಎಲ್4 ಎಂಬ ಪ್ರೋಟೀನು ಬದಲಾಗಿತ್ತು. ಎಷ್ಟೋ ಕೋಟಿ ವರ್ಷ ಬೇರೆಬೇರೆ ಬದುಕಿದರೂ ಎರಡು ಯಂತ್ರಗಳು ಮದ್ದಿನಿಂದ ತಪ್ಪಿಸಿಕೊಳ್ಳುವ ಸಂದುಗೊಂದು ಒಂದೇ.

ಹಾಗಾದರೆ ಪರಾವಲಂಬಿಯ ದೊಡ್ಡ ಕಮ್ಮಟವಾದ 80ಎಸ್‌ಗೇ ನೇರವಾಗಿ ಕೈ ಹಾಕಬಾರದೇಕೆ? ಕಷ್ಟವೆಂದರೆ ಅದು ನಮ್ಮದರ ಪಡಿಯಚ್ಚು. ಸೈಕ್ಲೋಹೆಕ್ಸಿಮೈಡ್ ಪರಾವಲಂಬಿಯನ್ನು ಕೊಲ್ಲುತ್ತದೆ, ರೋಗಿಯನ್ನೂ ಕೊಲ್ಲುತ್ತದೆ. 2014ರಲ್ಲಿ ಫಾಲ್ಸಿಪ್ಯಾರಂನ 80ಎಸ್ ಅನ್ನು ಹೆಪ್ಪುಗಟ್ಟಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಚಿತ್ರಿಸಿದಾಗ ಅದಕ್ಕೆ ಅಂಟಿಸಿ ನೋಡಿದ್ದು ಎಮೆಟಿನ್ ಅನ್ನು, ಅಂದರೆ ಹಿಂದೆ ಆಮಶಂಕೆಗೆ ಚುಚ್ಚುತ್ತಿದ್ದ, ಹೃದಯಕ್ಕೆ ಕೆಡುಕಾದ ಹಳೆಯ ಮದ್ದನ್ನು. ಅಂಥ ಚಿತ್ರಗಳಿಂದ ನಮ್ಮ ಯಂತ್ರಕ್ಕೂ ಅದರ ಯಂತ್ರಕ್ಕೂ ಇರುವ ಕೂದಲೆಳೆಯ ಅಂತರಗಳು ಕಾಣತೊಡಗಿದವು. ಮೂರು ವರ್ಷದ ಮೇಲೆ ಅದೇ ವಿಧಾನ ಮೆಫ್ಲೋಕ್ವಿನ್ ಎಂಬ ಪರಿಚಿತ ಮಲೇರಿಯಾ ಮದ್ದು ಕೂಡ 80ಎಸ್ ಮೇಲೆ ಕೂರುತ್ತದೆಂದು ತೋರಿಸಿತು.

ಮೂಟೆ ಏರಿಸುವ ಕಿಣ್ವಗಳ ಕಡೆ ಈಗ ಹೆಚ್ಚು ಗಮನವಿದೆ. ಚೀನಾದ ನಾಟಿ ವೈದ್ಯರು ಚಳಿಜ್ವರಕ್ಕೆ ಬಳಸುತ್ತಿದ್ದ ಚಾಂಗ್ ಶಾನ್ ಬೇರಿನ ಸಾರ ಕೆಲಸ ಮಾಡುವುದು ಪ್ರೋಲಿನ್ ಏರಿಸುವ ಕಿಣ್ವದ ಮೇಲೆ. ಅದರಿಂದ ರೂಪುಗೊಂಡ ಹ್ಯಾಲೊಫ್ಯೂಜಿನೋನ್ ಕೋಳಿಗಳ ಕಾಕ್ಸಿಡಿಯೋಸಿಸ್ ರೋಗಕ್ಕೆ ಮದ್ದಾಗಿದೆ. ಶಿಲೀಂಧ್ರದಿಂದ ಬಂದ ಕ್ಲಾಡೋಸ್ಪೋರಿನ್ ಲೈಸಿನ್ ಏರಿಸುವ ಕಿಣ್ವವನ್ನು ಹಿಡಿಯುತ್ತದೆ. ಕ್ಲಾಡೋಸ್ಪೋರಿನ್ ಮತ್ತು ಆ ಕಿಣ್ವ ಕೂಡಿರುವ ರಚನೆಯನ್ನು 2014ರಲ್ಲಿ ದೆಹಲಿಯ ಅಮಿತ್ ಶರ್ಮಾ ಅವರ ತಂಡ ಪ್ರಕಟಿಸಿತು. ಲಿಯಾನ್ ಟಿಲ್ಲಿ ಅವರ ಮೆಲ್ಬರ್ನ್ ತಂಡ 2022ರಲ್ಲಿ ವರ್ಣಿಸಿದ ಎಂಎಲ್901 ಎಂಬ ವಸ್ತುವಿನ ಚಾಲಾಕಿತನ ಇನ್ನೂ ಹೆಚ್ಚು: ಪರಾವಲಂಬಿಯ ಕಿಣ್ವವೇ ಟೈರೋಸಿನ್ ಅನ್ನು ಅದಕ್ಕೆ ಅಂಟಿಸಿ, ತಾನೇ ಹೊಸೆದ ಹಗ್ಗದಲ್ಲಿ ತಾನೇ ಸಿಕ್ಕಿಕೊಳ್ಳುತ್ತದೆ. ಮನುಷ್ಯರ ಕಿಣ್ವ ಆ ಬಲೆಗೆ ಬೀಳುವುದಿಲ್ಲ.

ರೋಗಿಯ ಹತ್ತಿರಕ್ಕೆ ಎಲ್ಲಕ್ಕಿಂತ ಮುಂದೆ ಬಂದಿರುವುದು ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2015ರಲ್ಲಿ ಪ್ರಕಟವಾದ, ಈಗ ಕ್ಯಾಬಮಿಕ್ವಿನ್ ಎಂದು ಕರೆಯುವ ವಸ್ತು. ಅದು 80ಎಸ್ ಯಂತ್ರವನ್ನು ಹೆಜ್ಜೆ ಹೆಜ್ಜೆಯಾಗಿ ಮುಂದೆ ತಳ್ಳುವ ಇಇಎಫ್2 ಎಂಬ ಪ್ರೋಟೀನನ್ನು ತಡೆಯುತ್ತದೆ. ಯಕೃತ್ತು, ರಕ್ತ, ಸೊಳ್ಳೆಗೆ ದಾಟುವ ಹಂತ ಮೂರರಲ್ಲೂ ಪರಾವಲಂಬಿಗೆ ಪ್ರೋಟೀನ್ ಬೇಕೇ ಬೇಕಾದ್ದರಿಂದ ಮೂರೂ ಕಡೆ ಅದರ ಏಟು ಬೀಳುತ್ತದೆ. ಬೇಕೆಂದೇ ಮಲೇರಿಯಾ ಸೋಂಕು ಪಡೆದ ಆಸ್ಟ್ರೇಲಿಯಾದ ಸ್ವಯಂಸೇವಕರಿಗೆ ಅದನ್ನೊಂದನ್ನೇ ಕೊಟ್ಟು ನೋಡಿದಾಗ ಕೆಲವರಲ್ಲಿ ಇಇಎಫ್2 ಬದಲಾಯಿಸಿಕೊಂಡ ಪರಾವಲಂಬಿಗಳು ಮರಳಿ ಕಾಣಿಸಿದವು. ಹಾಗಾಗಿ ಮುಂದಿನ ಪರೀಕ್ಷೆಗಳಿಗೆ ಅದರ ಜೊತೆ ಪೈರೋನಾರಿಡಿನ್ ಎಂಬ ಇನ್ನೊಂದು ಮದ್ದನ್ನು ಕಟ್ಟಲಾಗಿದೆ.